ಕೈದಿಗಳು ಕಡಿದ ದಾರಿ

ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಿ ಹತ್ತಿ ಇಳಿದು ಅಭ್ಯಾಸವಾದ ನಮ್ಮ ತಾಳವಾಡಿ ಕಡೆಯವರಿಗೆ ಬೆಟ್ಟದ ರಸ್ತೆಯೆಂದರೆ ದೊಡ್ಡ ಬೆರಗೇನಲ್ಲ. ವಾಂತಿ ಬಾರದಂತೆ ನಿಂಬೆಹಣ್ಣು ಮೂಸುತ್ತಾ ಕಣ್ಣುಮುಚ್ಚಿ ಕೂತರೆ ಸತ್ಯಮಂಗಲ ಬರುತ್ತದೆ. ನಾನೂ ಹಾಗೆ ಬೆಳೆದವನೇ. ಆದ್ದರಿಂದ 2023ರ ಜೂನ್ ಕೊನೆಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟ್ಯೂಸಾನ್ ಊರಿನಲ್ಲಿ ಒಬ್ಬ ಹಿರಿಯರು, "ಫಾದರ್, ನಾಳೆ ಬೆಟ್ಟಕ್ಕೆ ಹೋಗೋಣವೇ? ಮೇಲೆ ತಣ್ಣಗಿರುತ್ತದೆ" ಎಂದು ಕರೆದಾಗ, ತಣ್ಣಗೆ ಎಂಬ ಆ ಒಂದು ಮಾತಿಗೆ ಮರುಳಾಗಿ ಒಪ್ಪಿಕೊಂಡೆನೇ ಹೊರತು ಬೆಟ್ಟ ನೋಡುವ ಆಸೆಯಿಂದಲ್ಲ.

ನಾನು ಅಲ್ಲಿಗೆ ಹೋದದ್ದು ಒಂದು ತಿಂಗಳ ಬದಲಿ ಗುರುವಾಗಿ. ರಜೆಯ ಮೇಲೆ ಹೋದ ಅಲ್ಲಿನ ಗುರುಗಳ ಜಾಗದಲ್ಲಿ ದಿನವೂ ಬಲಿಪೂಜೆ, ಶನಿವಾರ ಪಾಪನಿವೇದನೆ, ನಡುನಡುವೆ ಒಂದೆರಡು ಶವಸಂಸ್ಕಾರ. ಬಿಸಿಲು ಮಾತ್ರ ಹೇಳತೀರದು. ಮಧ್ಯಾಹ್ನ 42 ಡಿಗ್ರಿ. ಬಾಗಿಲ ಚಿಲಕ ಮುಟ್ಟಿದರೆ ದೋಸೆ ಕಾವಲಿ ಮುಟ್ಟಿದಂತೆ. ನನ್ನನ್ನು ಕರೆದ ಹಿರಿಯರು ದೇವಾಲಯದಲ್ಲಿ ಪೂಜಾಪಾತ್ರೆಗಳನ್ನು, ಬಟ್ಟೆಗಳನ್ನು ನೋಡಿಕೊಳ್ಳುವವರು. ಎಪ್ಪತ್ತೆಂಟರ ವಯಸ್ಸು, ಮೆಕ್ಸಿಕೋ ಮೂಲದ ಮನೆತನ. ಮಾತು ಕಡಿಮೆ. ಬೆಳಗಿನ ಪೂಜೆ ಮುಗಿದ ಕೂಡಲೇ ತಮ್ಮ ಹಳೆಯ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಹೊರಟರು. "ಸ್ವೆಟರ್ ತಂದಿದ್ದೀರಾ?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಊರಿನ ಉತ್ತರಕ್ಕೆ ಗೋಡೆ ಕಟ್ಟಿದಂತೆ ನಿಂತ ಆ ಬೆಟ್ಟಸಾಲಿನ ಹೆಸರು ಸಾಂತಾ ಕತಲೀನಾ. ಟ್ಯೂಸಾನ್ ಇರುವುದು ಸಮುದ್ರಮಟ್ಟದಿಂದ ಸುಮಾರು 730 ಮೀಟರಿನಲ್ಲಿ. ಸಾಲಿನ ನೆತ್ತಿಯಾದ ಲೆಮ್ಮನ್ ಶಿಖರ 2,791 ಮೀಟರ್. ನಮ್ಮ ದೊಡ್ಡಬೆಟ್ಟಕ್ಕಿಂತ 150 ಮೀಟರು ಹೆಚ್ಚೇ. ಮರುಭೂಮಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮರಳಿನ ದಿಬ್ಬ, ಒಂಟೆ. ಸೊನೋರಾ ಮರುಭೂಮಿ ಹಾಗಿಲ್ಲ. ಅಲ್ಲಿ ಕಲ್ಲು, ಮುಳ್ಳು, ಪೊದೆ, ಎಲ್ಲಕ್ಕೂ ಮೇಲೆ ಕೈ ಎತ್ತಿ ನಿಂತ ಮನುಷ್ಯರಂತೆ ಕಾಣುವ ಸಗ್ವಾರೋ ಎಂಬ ಮಹಾಕಳ್ಳಿಗಳು. ಈ ಕಳ್ಳಿ ಮೊದಲ ಕೈ ಚಾಚುವುದಕ್ಕೇ ಐವತ್ತು ವರ್ಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ನೂರೈವತ್ತು ವರ್ಷ ಬಾಳುವುದು ಸಾಮಾನ್ಯ. ಎಳೆಯದಿದ್ದಾಗ ಬಿಸಿಲಿಗೂ ಚಳಿಗೂ ತಾಳಲಾರದೆ ಯಾವುದಾದರೂ ಮರದ ನೆರಳಿನಲ್ಲಿ ಬೆಳೆಯುತ್ತದೆ. ಆ ದಾದಿಮರಗಳಲ್ಲಿ ಒಂದು ಮೆಸ್ಕೀಟ್. ಎಲ್ಲೋ ನೋಡಿದ ಮುಖದಂತಿದೆಯಲ್ಲಾ ಎಂದು ಇಳಿದು ಎಲೆ ಹಿಡಿದು ನೋಡಿದೆ. ಬಯಲುಸೀಮೆಯ ಹೊಲಗಳನ್ನೆಲ್ಲ ನುಂಗುತ್ತಿರುವ ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಅದು! ಪಾಪಾಸುಕಳ್ಳಿಯೂ ಅಮೆರಿಕ ಖಂಡದ್ದೇ. ಪರದೇಶದಲ್ಲಿ ನಮ್ಮ ಊರಿನ ಕಳೆಗಳನ್ನು ಕಂಡು ಕಣ್ಣು ತುಂಬಿಬಂತು ಎಂದರೆ ನೀವು ನಗುತ್ತೀರಿ, ಆದರೆ ಸುಳ್ಳಲ್ಲ.

ಆ ನೆಲದ ಮೂಲನಿವಾಸಿಗಳಾದ ಓಧಮ್ ಜನ ಜೂನ್ ತಿಂಗಳಲ್ಲಿ ಸಗ್ವಾರೋ ಹಣ್ಣು ಕೀಳುತ್ತಾರೆ. ಕೀಳುವ ದೋಟಿಯನ್ನೂ ಸತ್ತ ಸಗ್ವಾರೋದ ಒಳಗಿನ ಎಲುಬಿನಂಥ ಕಡ್ಡಿಗಳಿಂದಲೇ ಕಟ್ಟುತ್ತಾರೆ. ಹಣ್ಣಿನ ರಸ ಕಾಯಿಸಿ ಪಾಕ ಮಾಡಿ, ಅದನ್ನು ಹುಳಿಬರಿಸಿ ಮಳೆ ಕರೆಯುವ ಆಚರಣೆ ಮಾಡುತ್ತಾರೆ. ಜುಲೈ ಹೊತ್ತಿಗೆ ಮಳೆ ಬರುತ್ತದೆ. ಆ ಮಳೆಗೆ ಅಲ್ಲಿಯವರು ಇಟ್ಟಿರುವ ಹೆಸರೂ ಮಾನ್ಸೂನ್. ಈ ಬೆಟ್ಟವನ್ನು ಓಧಮ್ ಜನ ಕರೆಯುವುದು ಬಬಾಡ್ ದೊಆಗ್ ಎಂದು. ಕಪ್ಪೆಬೆಟ್ಟ. ನೀರಿಲ್ಲದ ನಾಡಿನಲ್ಲಿ ಕಪ್ಪೆಯ ಹೆಸರು ಬಿದ್ದ ಬೆಟ್ಟ ಎಂದರೆ ಅದರ ಬೆಲೆ ಎಷ್ಟೆಂದು ಹೊಲ ಒಣಗಿದ್ದನ್ನು ಕಂಡ ನಮಗೆ ಬೇರೆ ಹೇಳಬೇಕಿಲ್ಲ.

ಸಾಂತಾ ಕತಲೀನಾ ಎಂಬ ಹೆಸರಿಗೆ ಕಾರಣರು ನಮ್ಮವರೇ ಒಬ್ಬರು, ಯೇಸುಸಭೆಯ ಗುರು ಎವುಸೇಬಿಯೊ ಫ್ರಾನ್ಸಿಸ್ಕೊ ಕೀನೊ. 1697ರಲ್ಲಿ ಅವರು ಈ ಕಡೆ ಬಂದಾಗ ಸಂತ ಕತರೀನಳ ಹೆಸರಿಟ್ಟರು, ಅದು ಮುಂದೆ ಬೆಟ್ಟಕ್ಕೂ ಅಂಟಿತು ಎಂದು ಅಲ್ಲಿ ಹೇಳುತ್ತಾರೆ. ಕೀನೊ ಹುಟ್ಟಿದ್ದು 1645ರಲ್ಲಿ, ಇಟಲಿಯ ಟ್ರೆಂಟ್ ನಗರದ ಬಳಿಯ ಸೆನ್ಯೊ ಎಂಬ ಹಳ್ಳಿಯಲ್ಲಿ. ಯೌವನದಲ್ಲಿ ಸಾವಿನ ಅಂಚಿಗೆ ತಂದ ಕಾಯಿಲೆ ಬಿದ್ದರು. ಗುಣವಾದರೆ ಸಂತ ಫ್ರಾನ್ಸಿಸ್ ಝೇವಿಯರರ ಹಾದಿ ಹಿಡಿಯುತ್ತೇನೆಂದು ಹರಕೆ ಹೊತ್ತರು. ಗುಣವಾಯಿತು. ತಮ್ಮ ಹೆಸರಿನ ಜೊತೆ ಫ್ರಾನ್ಸಿಸ್ಕೊ ಎಂದು ಸೇರಿಸಿಕೊಂಡದ್ದು ಆಗಲೇ. ಮನಸ್ಸಿದ್ದುದು ಪೂರ್ವದೇಶಕ್ಕೆ ಬರಲು. ಆದರೆ ಇಬ್ಬರಲ್ಲಿ ಒಬ್ಬರು ಫಿಲಿಪೈನ್ಸಿಗೆ, ಒಬ್ಬರು ಮೆಕ್ಸಿಕೋಗೆ ಎಂದು ಬಂದಾಗ ಚೀಟಿ ಎತ್ತಿದರು. ಕೀನೊ ಕೈಗೆ ಬಂದದ್ದು ಮೆಕ್ಸಿಕೋ. ಬೇಡದ ಚೀಟಿ ಹಿಡಿದು ಹೋದವರು 1687ರಿಂದ 1711ರಲ್ಲಿ ಕಣ್ಣುಮುಚ್ಚುವ ತನಕ ಆ ಮರುಭೂಮಿಯಲ್ಲೇ ಕುದುರೆಯ ಮೇಲೆ ತಿರುಗಿದರು, ನಕ್ಷೆ ಬರೆದರು, ಗೋಧಿ ಬಿತ್ತಿಸಿದರು, ದನ ತಂದರು. ಸತ್ತದ್ದೂ ಸಂತ ಝೇವಿಯರರ ಹೆಸರಿನ ಒಂದು ಸಣ್ಣ ಗುಡಿಯ ಪ್ರತಿಷ್ಠೆಗೆಂದು ಹೋದ ಊರಿನಲ್ಲಿ. 2020ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಪೂಜನೀಯರೆಂದು ಘೋಷಿಸಿದರು. ಪುನೀತ, ಸಂತ ಪದವಿಗಳಿಗೆ ಮುಂಚಿನ ಮೆಟ್ಟಿಲು ಅದು.

ಟ್ಯೂಸಾನಿನ ದಕ್ಷಿಣಕ್ಕೆ ಅವರು 1692ರಲ್ಲಿ ಆರಂಭಿಸಿದ ಸಾನ್ ಝೇವಿಯರ್ ದೆಲ್ ಬಾಕ್ ಎಂಬ ಧರ್ಮಕೇಂದ್ರವಿದೆ. ಈಗಿರುವ ಬಿಳಿಯ ದೇವಾಲಯವನ್ನು 1783ರಿಂದ 1797ರವರೆಗೆ ಫ್ರಾನ್ಸಿಸ್ಕನ್ ಗುರುಗಳ ಕಾಲದಲ್ಲಿ ಕಟ್ಟಿದ್ದು. ನಾನು ಒಂದು ಭಾನುವಾರ ಮಧ್ಯಾಹ್ನ ಹೋಗಿದ್ದೆ. ಒಳಗೆ ಪಕ್ಕದ ಪೀಠದ ಬಳಿ ಮಲಗಿರುವ ಸಂತ ಝೇವಿಯರರ ಪ್ರತಿಮೆ. ಜನ ಅದಕ್ಕೆ ಬಟ್ಟೆ ಹೊದಿಸಿ, ಹರಕೆಯ ಸಣ್ಣ ಲೋಹದ ಕೈಕಾಲುಗಳನ್ನು, ಆಸ್ಪತ್ರೆಯಲ್ಲಿ ಕಟ್ಟುವ ಹೆಸರಿನ ಪಟ್ಟಿಗಳನ್ನು ಪಿನ್ನು ಹಾಕಿ ಸಿಕ್ಕಿಸಿದ್ದರು. ಹಳೇ ಗೋವಾದಲ್ಲಿ ಬೊಂ ಜೇಸು ದೇವಾಲಯದ ಆ ಪವಿತ್ರ ದೇಹದ ಮುಂದೆ ನಿಂತವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ. ಗೋವಾದಲ್ಲೇ ನೆಲೆಸಿದ ಕನ್ನಡಿಗರಂತೂ 2024ರ ಕೊನೆಯ ದರ್ಶನದಲ್ಲಿ ಸಾಲಿನಲ್ಲಿ ನಿಂತು ಬಂದಿರುತ್ತೀರಿ. ಆ ಮರುಭೂಮಿಯಲ್ಲಿ, ಓಧಮ್ ಅಜ್ಜಿಯೊಬ್ಬಳು ಪ್ರತಿಮೆಯ ಹೊದಿಕೆ ಸರಿಪಡಿಸುತ್ತಿದ್ದುದನ್ನು ನೋಡಿ ನನಗೆ ಮಾಂಡೋವಿ ನದಿಯ ದಡ ನೆನಪಾಯಿತು. ಹೊರಗೆ ಬಂದರೆ ಊರಿನಾಚೆ ನೀಲಿಯಾಗಿ ಆ ಬೆಟ್ಟಸಾಲು.

ಇನ್ನೊಂದು ಮಾತು ಹೇಳಿ ರಸ್ತೆಗೆ ಬರುತ್ತೇನೆ. 1854ರವರೆಗೆ ಟ್ಯೂಸಾನ್ ಮೆಕ್ಸಿಕೋ ದೇಶದಲ್ಲಿತ್ತು. ಆ ವರ್ಷ ಅಮೆರಿಕ ಹಣ ಕೊಟ್ಟು ಕೊಂಡ ನೆಲದ ಜೊತೆಗೆ ಊರೂ ಈ ಕಡೆಗೆ ಬಂತು. ಜನ ಎದ್ದು ಎಲ್ಲಿಗೂ ಹೋಗಲಿಲ್ಲ. ಗೆರೆ ಜರುಗಿತು, ಅಷ್ಟೇ. ಓಧಮ್ ಜನರ ನೆಲದ ನಡುವೆಯೇ ಗೆರೆ ಹಾದುಹೋಯಿತು. ಇದನ್ನು ಹಿರಿಯರು ಗಾಡಿ ಓಡಿಸುತ್ತಾ ಹೇಳಿದಾಗ ನಾನು 1956ರ ಕಥೆ ಹೇಳಿದೆ. ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಆ ಕಡೆ ಹೋಯಿತು, ತಾಳವಾಡಿ ಈ ಕಡೆ ಉಳಿಯಿತು, ಅಕ್ಕನ ಮನೆ ಒಂದು ರಾಜ್ಯ ತಂಗಿಯ ಮನೆ ಇನ್ನೊಂದು ರಾಜ್ಯವಾಯಿತು ಎಂದೆ. "ಹಾಗಾದರೆ ನಿಮಗೆ ಅರ್ಥವಾಗುತ್ತದೆ" ಎಂದರು. ಏನು ಅರ್ಥವಾಗುತ್ತದೆ ಎಂಬುದನ್ನು ಸಂಜೆಯವರೆಗೆ ಹೇಳಲಿಲ್ಲ.

ಬೆಟ್ಟದ ಬುಡದಿಂದ ಮೇಲಿನ ಸಮ್ಮರ್‌ಹೇವನ್ ಎಂಬ ಪುಟ್ಟ ಊರಿಗೆ ಸುಮಾರು 43 ಕಿಲೋಮೀಟರ್ ದಾರಿ. ಅವರ ಲೆಕ್ಕದಲ್ಲಿ ಮೈಲಿ, ಹಾಗಾಗಿ ಅದೂ 27! ಏಳನೇ ಮೈಲಿಯ ಬಳಿ ಎಡಕ್ಕೆ ಒಂದು ಫಲಕ, ಕೆಲವು ಮರ, ಮುರಿದ ಕಲ್ಲುಗೋಡೆ ಕಂಡವು. ಅದೇನೆಂದು ಕೇಳಿದೆ. "ಇಳಿಯುವಾಗ ನಿಲ್ಲೋಣ" ಎಂದರು.

ಮೊದಲ ನಾಲ್ಕೈದು ಮೈಲಿ ಸಗ್ವಾರೋಗಳ ಸಾಮ್ರಾಜ್ಯ. ಒಂದು ತಿರುವು ದಾಟಿದ ಮೇಲೆ ಒಂದೂ ಇಲ್ಲ. ಚಳಿಗಾಲದಲ್ಲಿ ರಾತ್ರಿ ಹಗಲು ಬಿಡದೆ ಹೆಪ್ಪುಗಟ್ಟುವ ಜಾಗ ಶುರುವಾದಲ್ಲಿ ಮೈತುಂಬ ನೀರು ತುಂಬಿಕೊಂಡ ಈ ಕಳ್ಳಿ ಬದುಕಲಾರದು. ಆಮೇಲೆ ಹುಲ್ಲು, ಕತ್ತಾಳೆ, ಕುಳ್ಳ ಓಕ್ ಮರಗಳು. ಹನ್ನೊಂದನೇ ಮೈಲಿಯ ಕೊರಕಲಿನಲ್ಲಿ ಸೈಪ್ರೆಸ್ ಮತ್ತು ಪೈನ್. ಹದಿನೇಳಕ್ಕೆ ಬಂದಾಗ ತೊಗಟೆ ಮೂಸಿದರೆ ವೆನಿಲ್ಲಾ ವಾಸನೆ ಬರುವ ದೊಡ್ಡ ಪೊಂಡರೋಸಾ ಪೈನುಗಳ ಕಾಡು. ನೆತ್ತಿಯ ಉತ್ತರ ಮಗ್ಗುಲಲ್ಲಿ ಹಿಮದ ದೇಶಗಳಲ್ಲಿ ಕಾಣುವ ಫರ್ ಮರಗಳು. ಮೆಕ್ಸಿಕೋದಿಂದ ಕೆನಡಾಕ್ಕೆ ಹೋದರೆ ಕಾಣುವುದನ್ನೆಲ್ಲ ಒಂದು ಗಂಟೆಯಲ್ಲಿ ಕಾಣುತ್ತೀರಿ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಕೆಳಗೆ ವರ್ಷಕ್ಕೆ 280 ಮಿಲಿಮೀಟರ್ ಆಸುಪಾಸು ಮಳೆ. ಮೇಲೆ ಅದರ ಎರಡೂವರೆ ಪಟ್ಟು. ಕೆಳಗಿಗಿಂತ ಮೇಲೆ ಹದಿನೈದು ಡಿಗ್ರಿ ತಂಪು. ಸ್ವೆಟರ್ ತರದ ನಾನು ಹಿರಿಯರ ಗಾಡಿಯಲ್ಲಿದ್ದ ಹಳೆಯ ಕಂಬಳಿ ಹೊದ್ದುಕೊಂಡೆ. ಆಗ ಅವರು ನಕ್ಕರು.

ಹೀಗೆ ಗಿಡಗಳು ಮೆಟ್ಟಿಲು ಮೆಟ್ಟಿಲಾಗಿ ಏಕೆ ಬದಲಾಗುತ್ತವೆ ಎಂಬುದನ್ನು ಕೂತು ನೋಡಿದವರು ಫಾರೆಸ್ಟ್ ಶ್ರೀವ್ ಎಂಬ ಸಸ್ಯಶಾಸ್ತ್ರಜ್ಞ. ಟ್ಯೂಸಾನಿನ ಟುಮಮೋಕ್ ಗುಡ್ಡದ ಮೇಲೆ 1903ರಲ್ಲಿ ಮರುಭೂಮಿಯ ಅಧ್ಯಯನಕ್ಕೆಂದೇ ಒಂದು ಪ್ರಯೋಗಾಲಯ ತೆರೆದಿದ್ದರು. ಶ್ರೀವ್ ಅಲ್ಲಿಂದ ಕುದುರೆ ಏರಿ ಬೆಟ್ಟ ಸುತ್ತಿ 1915ರಲ್ಲಿ ತಮ್ಮ ಗ್ರಂಥ ಪ್ರಕಟಿಸಿದರು. ಎತ್ತರ ಒಂದೇ ಇದ್ದರೂ ಬಿಸಿಲಿಗೆ ಮುಖಮಾಡಿದ ದಕ್ಷಿಣ ಮಗ್ಗುಲಿನ ಗಿಡವೇ ಬೇರೆ, ನೆರಳಿನ ಉತ್ತರ ಮಗ್ಗುಲಿನ ಗಿಡವೇ ಬೇರೆ ಎಂದು ತೋರಿಸಿದರು. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ರಾತ್ರಿ ಹೊತ್ತು ತಣ್ಣನೆಯ ಗಾಳಿ ಭಾರವಾಗಿ ನೀರಿನಂತೆ ಕೊರಕಲುಗಳಿಗೆ ಇಳಿದು ಹರಿಯುತ್ತದೆ. ಹೀಗಾಗಿ ಕೊರಕಲಿನ ತಳದಲ್ಲಿ ಚಳಿ, ಪಕ್ಕದ ಏಣಿನ ಮೇಲೆ ಬೆಚ್ಚಗೆ. ಬಿಸಿಲನ್ನು ಬಯಸುವ ಗಿಡ ಏಣು ಹತ್ತುತ್ತದೆ, ತಂಪನ್ನು ಬಯಸುವ ಗಿಡ ಕೊರಕಲು ಇಳಿಯುತ್ತದೆ. ತಗ್ಗಿನ ತೋಟದಲ್ಲಿ ಹಿಮ ಬಿದ್ದು ಆಲೂಗಡ್ಡೆ ಕರಕಾದ ಬೆಳಿಗ್ಗೆ ದಿಬ್ಬದ ತೋಟ ಹಸಿರಾಗಿದ್ದುದನ್ನು ಕಂಡ ನೀಲಗಿರಿಯ ರೈತರಿಗೆ ಇದನ್ನು ಯಾವ ಗ್ರಂಥವೂ ಕಲಿಸಬೇಕಾಗಿಲ್ಲ.

ಹದಿನಾಲ್ಕನೇ ಮೈಲಿಯಲ್ಲಿ ಗಾಳಿಗುಡ್ಡ ಎನ್ನಬಹುದಾದ ಒಂದು ತಾಣ. ಬಂಡೆಗಳು ಒಂದರ ಮೇಲೊಂದು ಜೋಡಿಸಿಟ್ಟ ಕಂಬಗಳಂತೆ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಹುಡುಗ ಹುಡುಗಿಯರು, ಬುಡದಿಂದ ಸೈಕಲ್ ತುಳಿದುಕೊಂಡೇ ಬಂದು ಏದುಸಿರು ಬಿಡುವವರು, ಮದುವೆಯ ಫೋಟೋ ತೆಗೆಸಿಕೊಳ್ಳುವ ಒಂದು ಜೋಡಿ. ಮುಂದೆ ಹೋದರೆ ಗಾಳ ಹಾಕುವ ಕೆರೆ, ಡೇರೆ ಹೂಡುವ ಬಯಲು, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟದ ಇಳಿಜಾರು. ಇಷ್ಟು ದಕ್ಷಿಣದಲ್ಲಿ ಅಂಥ ಆಟದ ತಾಣ ಆ ದೇಶದಲ್ಲಿ ಇನ್ನೊಂದಿಲ್ಲವಂತೆ. ಅರಿಜೋನಾ ರಾಜ್ಯವನ್ನು ದಕ್ಷಿಣದ ಗಡಿಯಿಂದ ಉತ್ತರದ ಗಡಿಗೆ ನಡೆದು ದಾಟುವ 1,300 ಕಿಲೋಮೀಟರಿನ ಕಾಲುದಾರಿಯೂ ಈ ಬೆಟ್ಟದ ಮೇಲೆಯೇ ಹೋಗುತ್ತದೆ. ಬೇಸಿಗೆಯ ಭಾನುವಾರಗಳಲ್ಲಿ ಊರಿಗೆ ಊರೇ ಊಟದ ಡಬ್ಬಿ ಕಟ್ಟಿಕೊಂಡು ಮೇಲಕ್ಕೆ ಬರುತ್ತದೆ.

ಆದರೆ ಗಾಳಿಗುಡ್ಡದಲ್ಲಿ ನಿಂತು ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ದೂರದ ಬೆಟ್ಟಗಳು. ಕಂದು ಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಕಡುನೀಲಿ ಬೆಟ್ಟ. ಆಕಾಶದ್ವೀಪಗಳು ಎಂದು ಅವಕ್ಕೆ ಹೆಸರು. ಐವತ್ತಕ್ಕೂ ಹೆಚ್ಚು ಇವೆ. ಮಂಜಿನ ಯುಗದಲ್ಲಿ ಈ ಪೈನ್, ಜುನಿಪರ್ ಕಾಡುಗಳು ಈಗಿನದಕ್ಕಿಂತ ಬಹಳ ಕೆಳಗೆ ಹಬ್ಬಿದ್ದವು. ಲೋಕ ಬಿಸಿಯಾದಂತೆ ಕಾಡು ಮೇಲಕ್ಕೆ ಸರಿಯಿತು, ನಡುವೆ ಮರುಭೂಮಿ ಸಮುದ್ರದಂತೆ ಏರಿ ಬಂತು. ಇದು ಹೇಗೆ ಗೊತ್ತಾಯಿತು ಎನ್ನುತ್ತೀರಾ? ಅಲ್ಲಿ ಒಂದು ಜಾತಿಯ ಕಾಡಿಲಿಯಿದೆ. ಕಂಡದ್ದನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡು ಬಂದು ಬಂಡೆಸಂದಿಯ ಗೂಡಿನಲ್ಲಿ ಕೂಡಿಡುವುದು ಅದರ ಚಟ. ಅದರ ಮೂತ್ರ ಗಟ್ಟಿಯಾಗಿ ಅಂಟಿನಂತೆ ಎಲ್ಲವನ್ನೂ ಹಿಡಿದಿಡುತ್ತದೆ. ಸಾವಿರಾರು ವರ್ಷ ಹಿಂದಿನ ಎಲೆ, ಬೀಜ, ಸೂಜಿ ಹಾಗೇ ಸಿಗುತ್ತವೆ. ಇಲಿಯ ಕಸದ ಬುಟ್ಟಿಯಿಂದ ವಿಜ್ಞಾನಿಗಳು ಕಾಡಿನ ಚರಿತ್ರೆ ಓದಿದರು.

ಶಿಖರದ ಹೆಸರಿನ ಕಥೆಯನ್ನು ನಮ್ಮ ತಾಯಂದಿರಿಗಾಗಿ ಹೇಳಲೇಬೇಕು. ಲೆಮ್ಮನ್ ಎಂದರೆ ನಿಂಬೆಯಲ್ಲ. ಸೇರಾ ಪ್ಲಮ್ಮರ್ ಲೆಮ್ಮನ್ ಎಂಬ ಮಹಿಳೆ. ಸಸ್ಯಗಳ ಹುಚ್ಚು. ಮದುವೆಯಾದದ್ದು 1880ರಲ್ಲಿ, ನಲವತ್ತು ದಾಟಿದ ಮೇಲೆ. ಗಂಡ ಜಾನ್ ಲೆಮ್ಮನ್ ಅಂತರ್ಯುದ್ಧದಲ್ಲಿ ಆಂಡರ್ಸನ್‌ವಿಲ್ ಎಂಬ ಭಯಂಕರ ಸೆರೆಶಿಬಿರದಿಂದ ಬದುಕಿ ಬಂದು ಮೈ ಸೊರಗಿದ್ದವರು. ಮರುವರ್ಷ ಇಬ್ಬರೂ ಮದುವೆಯ ಪ್ರವಾಸಕ್ಕೆಂದು ಬಂದದ್ದು ಈ ಮುಳ್ಳುಬೆಟ್ಟಕ್ಕೆ! ಟ್ಯೂಸಾನ್ ಕಡೆಯಿಂದ ಹತ್ತಲು ಮತ್ತೆ ಮತ್ತೆ ಪ್ರಯತ್ನಿಸಿ ಸೋತರು. ಕೊನೆಗೆ ಸುತ್ತಿಕೊಂಡು ಉತ್ತರದ ಒರಾಕಲ್ ಊರಿಗೆ ಹೋಗಿ, ಸ್ಟ್ರಾಟನ್ ಎಂಬ ದನಗಾಹಿಯ ನೆರವಿನಿಂದ ನೆತ್ತಿ ಮುಟ್ಟಿದರು. ಶಿಖರಕ್ಕೆ ಗಂಡನ ಹೆಸರಲ್ಲ, ಹೆಂಡತಿಯ ಹೆಸರೇ ಬಿತ್ತು. ಆ ನಾಡಿನ ಕಾಡು ಚೆಂಡುಹೂವಿನ ಒಂದು ಜಾತಿಗೂ ಲೆಮ್ಮನ್ ಹೆಸರಿದೆ.

ನೆತ್ತಿಯ ಬಳಿ ನಾನು ನೆರಳಿನ ಕಾಡು ಕಾಣುವೆನೆಂದುಕೊಂಡಿದ್ದೆ. ಕೆಲವೆಡೆ ಕಂಡೆ. ಉಳಿದೆಡೆ ಇಳಿಜಾರಿನ ಉದ್ದಕ್ಕೂ ಸುಟ್ಟು ಬೂದುಬಣ್ಣಕ್ಕೆ ತಿರುಗಿದ ಬೋಳು ಕಂಬಗಳು. 2003ರ ಜೂನ್ 17ರಂದು ಹೊತ್ತಿಕೊಂಡ ಬೆಂಕಿ ಸುಮಾರು 85 ಸಾವಿರ ಎಕರೆ ಸುಟ್ಟಿತು. ಸಮ್ಮರ್‌ಹೇವನ್ನಿನ ಮನೆ ಅಂಗಡಿಗಳು ಸೇರಿ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳು ಹೋದವು. ಆ ಊರನ್ನು ಮತ್ತೆ ಕಟ್ಟಿದರು. 2020ರ ಜೂನ್ 5ರಂದು ಸಿಡಿಲಿನಿಂದ ಹೊತ್ತಿದ ಬೆಂಕಿ ಜುಲೈ ಕೊನೆಯ ವಾರದವರೆಗೂ ಉರಿದು ಸುಮಾರು 1,20,000 ಎಕರೆ ನುಂಗಿತು. ಆ ಸಲ ಊರು ಉಳಿಯಿತು. ಬೆಂಕಿ ಆ ಬೆಟ್ಟಕ್ಕೆ ಹೊಸದಲ್ಲ. ಟ್ಯೂಸಾನಿನ ವಿಶ್ವವಿದ್ಯಾಲಯದಲ್ಲಿ ಮರದ ಉಂಗುರಗಳನ್ನು ಓದುವುದಕ್ಕೇ 1937ರಿಂದ ಒಂದು ಪ್ರಯೋಗಾಲಯವಿದೆ. ಹಿಂದೆ ಕೆಲವು ವರ್ಷಗಳಿಗೊಮ್ಮೆ ನೆಲದ ತರಗು ಮಾತ್ರ ಸುಡುವ ಸಣ್ಣ ಬೆಂಕಿ ಬಂದು ಹೋಗುತ್ತಿತ್ತು, ದೊಡ್ಡ ಪೈನುಗಳು ಬುಡದಲ್ಲಿ ಒಂದು ಕಲೆ ಹೊತ್ತು ಬದುಕುತ್ತಿದ್ದವು ಎಂದು ಅಂಥ ಉಂಗುರಗಳು ಹೇಳಿವೆ. ಕಾಡು ಕಾಯುತ್ತೇವೆಂದು ನೂರು ವರ್ಷ ಸಣ್ಣ ಬೆಂಕಿಯನ್ನೆಲ್ಲ ಆರಿಸಿದರು. ತರಗು, ಎಳೆಗಿಡ ಒತ್ತಾಗಿ ತುಂಬಿತು. ಈಗ ಬರುವ ಬೆಂಕಿ ನೆತ್ತಿಗೇ ಏರುತ್ತದೆ. ಸತ್ಯಮಂಗಲದ ಕಾಡಂಚಿನಲ್ಲಿ ಫೆಬ್ರವರಿ ಬಂದರೆ ಬೆಂಕಿರೇಖೆ ಕಡಿಯುವ ನಮ್ಮ ಸೋಲಿಗ ಸಹೋದರರಿಗೆ ಈ ಮಾತು ಹೇಳಿದಾಗ, ಒಬ್ಬ ಅಜ್ಜ, "ಸ್ವಾಮಿ, ಇದ ನಾವು ಯಾವತ್ತೋ ಹೇಳ್ದೋ" ಎಂದರು.

ಕೆಳಗೂ ಕಷ್ಟವಿದೆ. ದನದ ಮೇವಿಗೆಂದು ಆಫ್ರಿಕಾದಿಂದ ತಂದ ಒಂದು ಹುಲ್ಲು ಸಗ್ವಾರೋಗಳ ಇಳಿಜಾರಿನಲ್ಲಿ ಹಬ್ಬಿದೆ. ನಮ್ಮ ಬಯಲುಸೀಮೆಯಲ್ಲಿ ಅಂಜನ್ ಹುಲ್ಲು ಎಂದು ಬೆಳೆಸುವುದೂ ಅದನ್ನೇ. ಇಲ್ಲಿ ಒಳ್ಳೆಯ ಮೇವು. ಅಲ್ಲಿ ಮದ್ದಿನ ಬತ್ತಿ. ಗಿಡಗಿಡದ ನಡುವೆ ಬರಿ ನೆಲವಿದ್ದ ಮರುಭೂಮಿಗೆ ಬೆಂಕಿ ಹರಡುವ ದಾರಿಯೇ ಇರಲಿಲ್ಲ, ಈ ಹುಲ್ಲು ದಾರಿ ಹಾಸಿತು. ಬೆಂಕಿ ತಾಳಲು ಕಲಿಯದ ಸಗ್ವಾರೋ ಸುಟ್ಟು ಸಾಯುತ್ತದೆ. ಅವರು ನಮಗೆ ಜಾಲಿ ಕೊಟ್ಟರು, ಹುಲ್ಲಿನ ಕಾಟ ಅವರಿಗೆ ಬಂತು. ಇದರ ಮೇಲೆ ಬಿಸಿಯೂ ಏರುತ್ತಿದೆ. 1963ರಲ್ಲಿ ಈ ರಸ್ತೆಯ ಉದ್ದಕ್ಕೂ ಯಾವ ಗಿಡ ಎಲ್ಲಿಂದ ಶುರುವಾಗುತ್ತದೆಂದು ಗುರುತಿಸಿದ್ದರು. ಅದೇ ದಾರಿಯನ್ನು ಮತ್ತೆ ಅಳೆದು 2013ರಲ್ಲಿ ಪ್ರಕಟಿಸಿದಾಗ, ಸಾಮಾನ್ಯವಾಗಿ ಕಾಣುವ 27 ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೆಳಗಿನ ಗಡಿಯನ್ನು ಬಿಟ್ಟು ಮೇಲಕ್ಕೆ ಸರಿದಿದ್ದವು. ಮೇಲಕ್ಕೆ ಸರಿಯಲು ಜಾಗವಿರುವವರೆಗೆ ಸರಿ. ನೆತ್ತಿಯಲ್ಲಿರುವ ಫರ್ ಮರ ಎಲ್ಲಿಗೆ ಹೋಗಬೇಕು? ದ್ವೀಪ ಎಂದರೆ ಅದೇ ತಾನೇ.

ಬಿಸ್ಕತ್ತು ತಿಂದು ಕಾಫಿ ಕುಡಿದು ಇಳಿಯತೊಡಗಿದಾಗ ಮೂರು ಗಂಟೆ. ಏಳನೇ ಮೈಲಿಗೆ ಬಂದು ಹಿರಿಯರು ಗಾಡಿ ನಿಲ್ಲಿಸಿದರು.

ಅದು ಹಳೆಯ ಸೆರೆಶಿಬಿರದ ಜಾಗ. ರಸ್ತೆಯ ಕೆಲಸ ಶುರುವಾದದ್ದು 1933ರಲ್ಲಿ. ಊರಿನವರಿಗೆ ತಂಪಿಗೆ ಹೋಗಲು ದಾರಿ ಬೇಕೆಂದು ಹಟ ಹಿಡಿದವರು ಹಿಂದೆ ಅಂಚೆ ಮಂತ್ರಿಯಾಗಿದ್ದ ಫ್ರಾಂಕ್ ಹಿಚ್‌ಕಾಕ್. ಆರ್ಥಿಕ ಕುಸಿತದ ಕಾಲ, ಹಣವಿಲ್ಲ. ಹಾಗಾದರೆ ಕೈದಿಗಳಿಂದ ಮಾಡಿಸೋಣ ಎಂದಾಯಿತು. ಹಿಚ್‌ಕಾಕ್ 1935ರಲ್ಲೇ ತೀರಿಕೊಂಡರು, ದಾರಿ ಮುಗಿದದ್ದು 1950ರಲ್ಲಿ. ಹದಿನೇಳು ವರ್ಷ ಸಾವಿರಾರು ಕೈದಿಗಳು ಹಾರೆ, ಪಿಕಾಸಿ, ಸುತ್ತಿಗೆ, ಸಿಡಿಮದ್ದು ಹಿಡಿದು ಬಂಡೆ ಒಡೆದರು. ಶಿಬಿರಕ್ಕೆ ಗೋಡೆಯಿರಲಿಲ್ಲ, ತಂತಿಬೇಲಿಯಿರಲಿಲ್ಲ. ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟು ಇದನ್ನು ದಾಟಬೇಡಿ ಎಂದಿದ್ದರಂತೆ. ರಸ್ತೆಗೆ ಹಿಚ್‌ಕಾಕರ ಹೆಸರಿಟ್ಟರು. ಕೆಲಸ ಮಾಡಿದವರ ಹೆಸರು ಬಹುಕಾಲ ಎಲ್ಲೂ ಇರಲಿಲ್ಲ.

ಈಗ ಒಬ್ಬರ ಹೆಸರಿದೆ. ಆ ಜಾಗವನ್ನು 1999ರಲ್ಲಿ ಗೋರ್ಡನ್ ಹಿರಬಯಾಶಿ ವಿಹಾರಸ್ಥಳ ಎಂದು ಕರೆದರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ ಮೇಲೆ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಒಂದು ಆಜ್ಞೆಗೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಅಂಗಡಿ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮೊದಲು ಅವರಿಗಷ್ಟೇ ರಾತ್ರಿ ಕರ್ಫ್ಯೂ ಹಾಕಿದರು. ಹಿರಬಯಾಶಿ ಆಗ 24ರ ವಿದ್ಯಾರ್ಥಿ, ಹುಟ್ಟಿದ್ದು ಸಿಯಾಟಲ್‌ನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ಒಂದು ರಾತ್ರಿ ಗ್ರಂಥಾಲಯದಿಂದ ಗೆಳೆಯರಿಗಿಂತ ಮೊದಲೇ ಎದ್ದು ಓಡಬೇಕಾಗಿ ಬಂದಾಗ, ಅವರು ಕೂತು ಓದಬಹುದಾದರೆ ನಾನೇಕೆ ಓಡಬೇಕು ಎಂಬ ಪ್ರಶ್ನೆ ಹುಟ್ಟಿತು. ಕರ್ಫ್ಯೂ ಪಾಲಿಸಲಿಲ್ಲ, ಶಿಬಿರಕ್ಕೆ ಹೋಗುವ ಬಸ್ಸು ಹತ್ತಲಿಲ್ಲ. ತಾವೇ ಪೊಲೀಸರ ಬಳಿ ಹೋಗಿ ಒಪ್ಪಿಕೊಂಡರು. 1943ರ ಜೂನ್ 21ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು.

ಮುಂದಿನದು ಕಥೆಯಂತಿದೆ, ಆದರೆ ನಡೆದದ್ದು. ನಾಲ್ಕು ಗೋಡೆಯ ಒಳಗಿರಲಾರೆ, ಬಯಲಿನಲ್ಲಿ ಕೆಲಸ ಮಾಡುವ ಶಿಬಿರಕ್ಕೆ ಕಳಿಸಿ ಎಂದು ಅವರು ಮೊದಲೇ ಕೇಳಿದ್ದರು. ಅದಕ್ಕೆ ಶಿಕ್ಷೆಯ ಅವಧಿ ಸಾಲದು ಎಂದಾಗ 90 ದಿನಕ್ಕೆ ಏರಿಸಿಕೊಂಡಿದ್ದರು! ಈಗ ಟ್ಯೂಸಾನಿನ ಶಿಬಿರಕ್ಕೆ ಕಳಿಸಬೇಕು. ಕಳಿಸಲು ಸರ್ಕಾರದ ಬಳಿ ಪ್ರಯಾಣದ ಹಣವಿಲ್ಲ. ನಾನೇ ಹೋಗುತ್ತೇನೆ ಎಂದರು. ಸರಿ ಎಂದರು. ಉತ್ತರದ ತುದಿಯ ವಾಷಿಂಗ್ಟನ್ ರಾಜ್ಯದಿಂದ ದಕ್ಷಿಣದ ಅರಿಜೋನಾಕ್ಕೆ ಸುಮಾರು 2,500 ಕಿಲೋಮೀಟರ್, ದಾರಿಯಲ್ಲಿ ಬರುವ ವಾಹನಗಳಿಗೆ ಕೈ ಅಡ್ಡಹಾಕುತ್ತಾ, ಯುದ್ಧದ ಕಾಲದಲ್ಲಿ, ಜಪಾನಿ ಮುಖ ಹೊತ್ತು, ಸೆರೆಮನೆ ಸೇರಲು ಒಬ್ಬ ಯುವಕ ಹೊರಟ. ಟ್ಯೂಸಾನ್ ತಲುಪಿದರೆ ಅಧಿಕಾರಿಯ ಬಳಿ ಕಾಗದಪತ್ರವೇ ಇಲ್ಲ. ನಿನ್ನ ಹೆಸರು ಇಲ್ಲವಪ್ಪಾ, ಮನೆಗೆ ಹೋಗು ಎಂದರು. ಹೋಗುವುದಿಲ್ಲ, ನಾಳೆ ಕಾಗದ ಸಿಕ್ಕಿದರೆ ನಾನು ಮತ್ತೆ ಇಷ್ಟು ದೂರ ಬರಬೇಕು ಎಂದರು ಇವರು. ಹಾಗಾದರೆ ಬಿಸಿಲಿದೆ, ತಂಪಾದ ಸಿನಿಮಾ ಮಂದಿರದಲ್ಲಿ ಕೂತು ಸಂಜೆ ಬಾ, ಹುಡುಕಿರುತ್ತೇವೆ ಎಂದರು. ಸಿನಿಮಾ ನೋಡಿ ಬಂದರು. ಕಾಗದ ಸಿಕ್ಕಿತ್ತು. ಗಾಡಿ ಹತ್ತಿಸಿ ಬೆಟ್ಟಕ್ಕೆ ಕರೆದೊಯ್ದರು.

ಶಿಬಿರದಲ್ಲಿ ಯಾರಿದ್ದರು? ಯುದ್ಧಕ್ಕೆ ಹೋಗಲೊಲ್ಲದ ಹೋಪಿ ಬುಡಕಟ್ಟಿನವರು, ಮನಸ್ಸಾಕ್ಷಿ ಒಪ್ಪದೆ ಬಂದೂಕು ಹಿಡಿಯದ ಕ್ರೈಸ್ತರು, ನಮ್ಮ ತಂದೆತಾಯಿಯನ್ನು ಬೇಲಿಯ ಒಳಗಿಟ್ಟು ನಮ್ಮನ್ನು ಸೈನ್ಯಕ್ಕೆ ಕರೆಯುತ್ತೀರಾ ಎಂದು ಕೇಳಿದ ಜಪಾನಿ ಮೂಲದ ಯುವಕರು, ಕಳ್ಳಭಟ್ಟಿಯವರು, ಗಡಿ ದಾಟಿದ ಮೆಕ್ಸಿಕನ್ನರು. ಹಿರಬಯಾಶಿ ಮುಂದೆ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿ ಬೈರೂತ್, ಕೈರೋ, ಕೆನಡಾಗಳಲ್ಲಿ ಪಾಠ ಹೇಳಿದರು. ಸರ್ಕಾರ ಅಂದು ನ್ಯಾಯಾಲಯದಿಂದ ಮುಖ್ಯ ದಾಖಲೆಗಳನ್ನು ಮುಚ್ಚಿಟ್ಟಿತ್ತು ಎಂಬುದು 1980ರ ದಶಕದಲ್ಲಿ ಬಯಲಾಯಿತು. 1987ರ ಹೊತ್ತಿಗೆ ಅವರ ಮೇಲಿದ್ದ ಎರಡೂ ತೀರ್ಪುಗಳು ರದ್ದಾದವು. ಮರುವರ್ಷ ಆ ದೇಶ ಕಾನೂನು ಮಾಡಿ ಕ್ಷಮೆ ಕೇಳಿತು. ವಿಹಾರಸ್ಥಳಕ್ಕೆ ಹೆಸರಿಡುವ ದಿನ ಮುದುಕರಾಗಿದ್ದ ಅವರೂ ಬಂದಿದ್ದರು. 2012ರ ಜನವರಿ 2ರಂದು ತೀರಿಕೊಂಡರು. ಅದೇ ವರ್ಷ ಆ ದೇಶದ ಅತ್ಯುನ್ನತ ನಾಗರಿಕ ಪದಕ ಅವರ ಹೆಸರಿಗೆ ಬಂತು.

ಫಲಕ ಓದಿ ಮುಗಿಸಿ ತಿರುಗಿದರೆ ಹಿರಿಯರು ಪಕ್ಕದಲ್ಲಿಲ್ಲ. ಕೆಳಗೆ, ಕಟ್ಟಡದ ಅಡಿಪಾಯ ಉಳಿದಿರುವ ಕಡೆ ಒಂದು ತುಂಡು ಕಲ್ಲುಗೋಡೆಯ ಮುಂದೆ ನಿಂತಿದ್ದರು. ನಾನು ಇಳಿದು ಹೋದೆ.

"ನನ್ನ ತಂದೆ ಇಲ್ಲಿ ಇದ್ದರು" ಎಂದರು. "1938ರಲ್ಲಿ. ಆರು ತಿಂಗಳು." ಅವರ ಅಜ್ಜಿಗೆ ಕಾಯಿಲೆಯೆಂದು ಸುದ್ದಿ ಬಂದು ತಂದೆ ಗಡಿಯಾಚೆಯ ಊರಿಗೆ ಹೋಗಿದ್ದರಂತೆ. ಮಣ್ಣು ಮಾಡಿ ಹಿಂದಿರುಗುವಾಗ ಚೌಕಿಯ ದಾರಿ ಬಿಟ್ಟು ಬಂದರು. ಹಾಗೆ ಬರುವುದು 1929ರಿಂದ ಅಪರಾಧ. ಬಿಡುಗಡೆಯಾದ ಮೇಲೆ ಗಾರೆ ಕೆಲಸ ಹಿಡಿದರು, ಮದುವೆಯಾದರು, ಕಾಗದಪತ್ರ ಸರಿಮಾಡಿಕೊಂಡರು. ರಸ್ತೆ ಮುಗಿದ ಮೇಲೆ ಬೇಸಿಗೆಯ ಭಾನುವಾರ ಪೂಜೆ ಮುಗಿಸಿ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಬರುತ್ತಿದ್ದರಂತೆ. ಸೆರೆಯ ಮಾತು ಎತ್ತಿದವರಲ್ಲ. ಆದರೆ ದಾರಿಯುದ್ದಕ್ಕೂ ಪ್ರತಿ ಮೋರಿಯ ಬಳಿ ಗಾಡಿ ನಿಲ್ಲಿಸಿ ಇಳಿದು ನೋಡಿ, ಈ ಕಲ್ಲು ಸರಿಯಾಗಿ ಕೂತಿಲ್ಲ, ಇದನ್ನು ಕೂರಿಸಿದವನು ಸೋಮಾರಿ, ಇದು ಚೆನ್ನಾಗಿದೆ, ಎಂದು ಗೊಣಗುವರು. ಅಪ್ಪನಿಗೆ ಇದೇನು ಹುಚ್ಚು ಎಂದು ಮಕ್ಕಳು ನಗುತ್ತಿದ್ದರು. ಕಾರಣ ಗೊತ್ತಾದದ್ದು ಅವರು ಸತ್ತ ಮೇಲೆ, ತಗಡಿನ ಪೆಟ್ಟಿಗೆಯಲ್ಲಿ ಬಿಡುಗಡೆಯ ಚೀಟಿ ಸಿಕ್ಕಾಗ.

"ಮೋರಿಗಳೆಲ್ಲ ರಸ್ತೆ ಅಗಲ ಮಾಡುವಾಗ ಹೋದವು" ಎಂದರು ಹಿರಿಯರು. "ಈ ಗೋಡೆ ಯಾರು ಕಟ್ಟಿದ್ದೋ. ಅವರೇ ಎಂದು ನಾನು ಅಂದುಕೊಂಡಿದ್ದೇನೆ."

ಬಗ್ಗಿ ಮೂಲೆಯ ಒಂದು ಕಲ್ಲನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದರು. ಅದು ಕದಲಲಿಲ್ಲ. ಕೈ ಕೊಡವಿಕೊಂಡು, ಕೆಳಗೆ ಊರಿನಲ್ಲಿ ಇನ್ನೂ 40 ಡಿಗ್ರಿ ಇರುತ್ತದೆ, ಸಂಜೆಯ ಪೂಜೆಗೆ ಹೊತ್ತಾಗುತ್ತದೆ ಎಂದು ಗಾಡಿಯ ಕಡೆ ನಡೆದರು.